ಎರಡೆಣಿಕೆ ತಡವಾದ ನಗು

ಮೇ 9, ಸೋಮವಾರ

ನನ್ನ ಗಂಡ ಡೆಲ್ ತೀರಿಕೊಂಡ ಮೇಲೆ, ಐದು ವಾರ ಬಿಟ್ಟು ಕೆಲಸಕ್ಕೆ ಹೋದೆ. ಬರ್ಬ್ಯಾಂಕಿನ ಆ ಕಿಟಕಿಯಿಲ್ಲದ ಎಡಿಟಿಂಗ್ ಕೋಣೆ ಹೇಗಿತ್ತೋ ಹಾಗೇ ಇದೆ. ಯಾರೋ ಮೇಜಿನ ಮೇಲೆ ಹೂ ಇಟ್ಟಿದ್ದರು, ಬಾಡಿಹೋಗಿತ್ತು. ಗ್ರೇಡಿ ಬಾಗಿಲಲ್ಲೇ ನಿಂತ. ನಿರ್ದೇಶಕ, ಮೂವತ್ತೆಂಟು ವಯಸ್ಸು, ಜನರನ್ನು ನಗಿಸುವುದೇ ಕಸುಬು. ಸಾವಿನ ಮನೆಯ ಮಾತು ಮಾತ್ರ ಅವನಿಗೆ ಬರುವುದಿಲ್ಲ.

“ಅರ್ಲೀನ್, ನಿಮಗೆ... ಕಾಫಿ ತರಲಾ?”

“ತಂದರೆ ಬೇಡ ಅನ್ನಲ್ಲ.”

ತಂದ. ಅಷ್ಟೇ ಮಾತು. ಅಷ್ಟಕ್ಕೆ ಬಿಟ್ಟನಲ್ಲ ಪುಣ್ಯಾತ್ಮ, ಅದೇ ದೊಡ್ಡದು.

ಚಿತ್ರ ಅರ್ಧಂಬರ್ಧ ಮರೆತುಹೋಗಿತ್ತು, ಮೊದಲಿಂದ ಹಾಕಿಕೊಂಡು ನೋಡಿದೆ. ಚೆಟ್ ಥಂಡರ್ ಎಂಬ ಹುಟ್ಟದೇ ಇದ್ದ ಮಹಾಗಾಯಕನ ಜೀವನಚರಿತ್ರೆ. ಬಡತನ, ಹಾಡು, ಕುಡಿತ, ಮೂರು ಮದುವೆ, ಬೀಳು, ಏಳು, ಬೀಳ್ಕೊಡುಗೆ ಕಾರ್ಯಕ್ರಮ. ದೊಡ್ಡ ಗಾಯಕರ ಬಗ್ಗೆ ಬರುವ ಅಷ್ಟೂ ಚಿತ್ರಗಳಿಗೆ ಒಂದೇ ಏಟಿಗೆ ಗೇಲಿ. ಚೆಟ್ಟನ ತಾಯಿ ಮೂರು ಸಲ ಸಾಯುತ್ತಾಳೆ, ಪ್ರತಿ ಸಲವೂ ತಂತಿ ಬರುವುದು ಅವನು ವೇದಿಕೆ ಹತ್ತುವ ಹೊತ್ತಿಗೆ.

ಕೊನೆಯ ಭಾಗಕ್ಕೆ ಬಂದೆ. ಚೆಟ್ ತನ್ನ ತಂಡವನ್ನು ಜನರಿಗೆ ಪರಿಚಯ ಮಾಡಿಕೊಡುತ್ತಾನೆ. ಡ್ರಮ್ಮಿನವನು, ಪಿಯಾನೊದವನು, ಗಿಟಾರಿನವರು ಇಬ್ಬರು, ಬಸ್ಸಿನ ಡ್ರೈವರು, ಕೋಟು ಹೊಲಿದ ದರ್ಜಿ, ಮೂವರು ಮಾಜಿ ಹೆಂಡತಿಯರು, ಕೊನೆಗೆ ದರ್ಜಿಯ ನಾಯಿ. ಎಲ್ಲರ ಹಿಂದೆ ನಿಂತು ಬೇಸ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸುವ ಮುದುಕ ಒಬ್ಬ ಉಳಿಯುತ್ತಾನೆ. ಈಗ ತನ್ನ ಹೆಸರು ಬಂತು ಅಂತ ಅರ್ಧ ಬಗ್ಗುತ್ತಾನೆ. ಬರುವುದಿಲ್ಲ. ಬಗ್ಗಿದವನು ಹಾಗೇ ನೆಟ್ಟಗಾಗಿ ತಂತಿ ಮೀಟತೊಡಗುತ್ತಾನೆ.

ಹಾಸ್ಯ ಚಿತ್ರ ಕತ್ತರಿಸುವ ನಾವು ನಮ್ಮ ನಗುವನ್ನು ನಂಬುವುದಿಲ್ಲ. ಗುರುತಿಲ್ಲದ ನಾನೂರು ಜನರನ್ನು ಕೂರಿಸಿ ಚಿತ್ರ ತೋರಿಸುತ್ತೇವೆ, ಗೋಡೆಗೆ ಮೈಕು ಕಟ್ಟಿ ಅವರ ನಗುವನ್ನು ಹಿಡಿದಿಡುತ್ತೇವೆ. ಆಮೇಲೆ ಚಿತ್ರದ ಅಡಿಗೆ ಆ ನಗುವನ್ನು ಹಾಸಿಕೊಂಡು, ಎಲ್ಲಿ ಎಷ್ಟು ನಕ್ಕರೋ ಅಷ್ಟು ಜಾಗ ಬಿಟ್ಟು ಕತ್ತರಿಸುತ್ತೇವೆ. ಇವತ್ತು ಅಡಿಯಲ್ಲಿ ಓಡುತ್ತಿದ್ದದ್ದು ಮಾರ್ಚಿನ ಪ್ರದರ್ಶನದ ನಗು.

ಮುದುಕ ಬಗ್ಗಿದ. ನಾನೂರು ಜನ ಸುಮ್ಮನೆ. ಒಂದು. ಎರಡು. ಆಮೇಲೆ ಒಬ್ಬನೇ ಒಬ್ಬ. ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಸದ್ದು, ಆಮೇಲೆ ಹೋ, ಹೋ, ಹೋ.

ಡೆಲ್.

ಯಂತ್ರ ನಿಲ್ಲಿಸಿದೆ. ಬಾಗಿಲ ಚಿಲಕ ಹಾಕಿ ಬಂದು ಆ ನಗುವನ್ನು ಮತ್ತೆ ಹಾಕಿದೆ. ಎಷ್ಟು ಸಲ ಅಂತ ಬರೆಯುವುದಿಲ್ಲ.

ಮೇ 12, ಗುರುವಾರ

ಮುದುಕ ಬಗ್ಗಿ ನಿಲ್ಲುವ ಹೊತ್ತನ್ನು ಇನ್ನೂ ಒಂದು ಸೆಕೆಂಡು ಉದ್ದ ಮಾಡಿದೆ. ಡೆಲ್ ನಕ್ಕು ಮುಗಿಸುವುದರೊಳಗೆ ಚೆಟ್ ಬಾಯಿ ಹಾಕುತ್ತಿದ್ದ. ಈಗ ಪೂರ್ತಿ ಕೇಳುತ್ತದೆ.

ಮಧ್ಯಾಹ್ನ ಬಿಸ್ಕತ್ತು ತಿಂದೆ. ಮನೆಗೆ ಬಂದೂ ಅದನ್ನೇ ತಿಂದೆ. ನಡುಮನೆಯಲ್ಲಿ ಡೆಲ್‌ನ ದೊಡ್ಡ ಬೇಸ್ ಗೋಡೆಗೆ ಒರಗಿ ನಿಂತಿದೆ, ಅದನ್ನು ದಾಟಬೇಕಾದರೆ ಅಡ್ಡಡ್ಡ ನಡೆಯಬೇಕು. ಮೂವತ್ತನಾಲ್ಕು ವರ್ಷ ಬೈದುಕೊಂಡೇ ಅಡ್ಡಡ್ಡ ನಡೆದೆ. ಈಗ ಬಾಯಿ ಮುಚ್ಚಿಕೊಂಡು ನಡೆಯುತ್ತೇನೆ.

ಫೋನಿನಲ್ಲಿ ಫ್ಲಾಯ್ಡ್ ಸಂದೇಶ ಹೇಳಿಟ್ಟಿದ್ದ. ಚಿತ್ರದಲ್ಲಿ ಬಗ್ಗುವ ಮುದುಕ ಇವನೇ, ಡೆಲ್‌ನ ಹಳೆಯ ಗೆಳೆಯ, ನಿಜಕ್ಕೂ ಬೇಸ್ ನುಡಿಸುವವನೇ. ಗ್ರೇಡಿ ಆ ಪಾತ್ರಕ್ಕೆ ಮೊದಲು ಕೇಳಿದ್ದು ಡೆಲ್‌ನನ್ನ. “ಹೆಸರಿಲ್ಲದೆ ಬಗ್ಗೋದನ್ನ ನಲವತ್ತು ವರ್ಷ ನಿಜವಾಗಿ ಮಾಡಿದ್ದು ಸಾಕು, ಫ್ಲಾಯ್ಡ್‌ಗೆ ಕೊಡಿ” ಅಂದಿದ್ದ.

“ಏನಮ್ಮಾ ಅರ್ಲೀನ್, ಫ್ಲಾಯ್ಡ್ ಕಣಮ್ಮಾ. ಊಟ ಗೀಟ ಮಾಡ್ತಿದ್ದೀಯಾ? ಮತ್ತೆ... ನನ್ನ ಮುಖ ಇನ್ನೂ ಇದೆಯಾ ಅದರಲ್ಲಿ? ಬೇಕರ್ಸ್‌ಫೀಲ್ಡಿನಲ್ಲಿರೋ ನಮ್ಮಕ್ಕ ಬೀದಿಯವರಿಗೆಲ್ಲಾ ಸಾರಿಬಿಟ್ಟಿದ್ದಾಳೆ. ಅದಕ್ಕೇ ಕೇಳ್ದೆ. ಅರ್ಜೆಂಟೇನಿಲ್ಲ.”

ತಿರುಗಿ ಫೋನು ಮಾಡಲಿಲ್ಲ. ಯಾರೊಂದಿಗೂ ಮಾತು ಬೇಡ.

ಮೇ 17, ಮಂಗಳವಾರ

ಇವತ್ತು ಆಸ್ಪತ್ರೆಯ ದೃಶ್ಯ. ಚೆಟ್ಟನ ಅಪ್ಪ ಸಾಯುತ್ತಿದ್ದಾನೆ. ಹೃದಯದ ಯಂತ್ರ ಟಿಕ್ ಟಿಕ್ ಅನ್ನುತ್ತಿದೆ. ಚೆಟ್ ಅಳುತ್ತ ಅಳುತ್ತ ಅದರ ತಾಳಕ್ಕೆ ಗಿಟಾರು ಹಿಡಿಯುತ್ತಾನೆ. ನರ್ಸು ಚಪ್ಪಾಳೆ ತಟ್ಟುತ್ತಾಳೆ. ಸಾಯುವವನು ಕಣ್ಣುಬಿಟ್ಟು, “ತಾಳ ಸ್ವಲ್ಪ ಜೋರಾಯ್ತು ಮಗನೇ,” ಅಂತಾನೆ.

ಏಪ್ರಿಲ್ ಆರನೇ ತಾರೀಕು ನಾನು ಅಂಥದೇ ಯಂತ್ರದ ಪಕ್ಕ ಕೂತಿದ್ದೆ. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೆಲಸ ಮುಗಿಸಿದೆ. ಒಳ್ಳೆಯ ದೃಶ್ಯ ಅದು, ನಗು ಬರುವ ಜಾಗದಲ್ಲೇ ಬರುತ್ತದೆ. ನನಗೆ ಬರಲಿಲ್ಲ, ಅಷ್ಟೇ. ಕೊನೆಗೆ ಸುಧಾರಿಸಿಕೊಳ್ಳಲು ಬೇಸಿನ ದೃಶ್ಯ ಹಾಕಿಕೊಂಡೆ. ಮುದುಕನ ಹೊತ್ತಿಗೆ ಇನ್ನೂ ಅರ್ಧ ಸೆಕೆಂಡು ಸೇರಿಸಿದೆ.

ಮೇ 24, ಮಂಗಳವಾರ

ನಿರ್ಮಾಣ ಸಂಸ್ಥೆಯ ಲಾವೆಲ್ ಬಂದಿದ್ದರು. ಕೈಯಲ್ಲಿ ಗಡಿಯಾರ. ನಗುವುದಿಲ್ಲ, “ಇದು ತಮಾಷೆಯಾಗಿದೆ” ಅಂತ ಬಾಯಲ್ಲಿ ಹೇಳುತ್ತಾರೆ.

“ಹನ್ನೊಂದು ನಿಮಿಷ ಕಮ್ಮಿ ಆಗ್ಬೇಕು. ಆ ಬೇಸಿನವನದ್ದು ಯಾಕೆ ಅಷ್ಟು ಎಳೆದಿದ್ದೀರಿ? ತೆಗೀರಿ ಅದನ್ನ.”

ಗ್ರೇಡಿ ನಡುವೆ ಬಂದ.

“ಅದನ್ನ ಮಾತ್ರ ಮುಟ್ಟಬೇಡಿ ಮೇಡಂ. ಮಾರ್ಚಿನಲ್ಲಿ ಅಲ್ಲಿ ಇಡೀ ಥಿಯೇಟರೇ ಎದ್ದು ಕುಣೀತು. ಅರ್ಲೀನ್, ನಗು ಹಾಕಿ ತೋರಿಸಿ.”

ಹಾಕಿದೆ. ಡೆಲ್ ನಕ್ಕ. ಅವನ ಬೆನ್ನಿಗೇ ನಾನೂರು ಜನ ನಕ್ಕರು, ಚೆಟ್ಟನ ಮುಂದಿನ ಮಾತು ಮುಳುಗಿಹೋಗುವಷ್ಟು. ಲಾವೆಲ್ ತಲೆಯಾಡಿಸಿದರು. “ಸರಿ ಹಾಗಾದರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಯಾಕೆಂದರೆ ಜನ ನಕ್ಕದ್ದು ಆ ದೃಶ್ಯಕ್ಕಲ್ಲ. ಡೆಲ್ ಒಬ್ಬನೇ ಹೊತ್ತಲ್ಲದ ಹೊತ್ತಲ್ಲಿ ನಕ್ಕನಲ್ಲ, ಆ ನಗುವಿಗೆ ನಕ್ಕರು. ನಾನು ಥಿಯೇಟರಿನಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ. ಅರ್ಧ ಥಿಯೇಟರು ಅವನ ಕಡೆ ತಿರುಗಿತ್ತು. ಮೈಕಿಗೆ ಕಣ್ಣಿಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು?

ಹೇಳಲಿಲ್ಲ. ಬೇಸಿನ ದೃಶ್ಯದ ಬದಲಿಗೆ ತಾಯಿಯ ಎರಡನೇ ಸಾವನ್ನು ಕತ್ತರಿಸಿದೆ. ಅದು ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಒಳ್ಳೆಯದನ್ನು ಕತ್ತರಿಸಿ ಕೆಟ್ಟದ್ದನ್ನು ಉಳಿಸಿದ್ದು ಇದೇ ಮೊದಲು.

ನಗುವಿನ ಮುದ್ರಿಕೆಯನ್ನು ಮನೆಗೆ ಒಯ್ದರೆ ಸಾಲದೇ ಅಂತ ನನಗೆ ನಾನೇ ಕೇಳಿಕೊಂಡೆ. ಸಾಲದು. ನಗಿಸಿದ ಸಂಗತಿ ಹೋದಮೇಲೆ ಬರೀ ನಗು ಕೇಳಿದರೆ ಹುಚ್ಚ ನಕ್ಕ ಹಾಗಿರುತ್ತದೆ. ಫ್ಲಾಯ್ಡ್ ಬಗ್ಗಬೇಕು, ಇವನು ನಗಬೇಕು. ಆಗಲೇ ಅವನು ಅವನಾಗಿರುತ್ತಾನೆ.

ಮೇ 30, ಸೋಮವಾರ

ರಜೆ. ಸತ್ತ ಸೈನಿಕರನ್ನು ನೆನೆಯುವ ದಿನ, ಬೀದಿಯವರೆಲ್ಲ ಹಿತ್ತಲಲ್ಲಿ ಮಾಂಸ ಸುಡುತ್ತಿದ್ದಾರೆ. ಕೆಲಸದ ಕಟ್ಟಡಕ್ಕೆ ಬೀಗ. ಡೆಲ್ ನಗುವುದು ಆ ಬೀಗದೊಳಗೆ, ನಾನು ಇಲ್ಲಿ.

ಹನ್ನೊಂದು ಗಂಟೆಗೆ ಫ್ಲಾಯ್ಡ್ ಬಂದು ಬಾಗಿಲು ಬಡಿದ. ಪರದೆಯ ಸಂದಿಯಿಂದ ನೋಡಿದೆ. ಕೈಯಲ್ಲಿ ಮುಚ್ಚಿದ ಪಾತ್ರೆ. “ಇದ್ದೀಯಾ ಅಂತ ಗೊತ್ತು ಕಣಮ್ಮಾ, ಕಾರು ಇಲ್ಲೇ ಇದೆ,” ಅಂದ. ಸ್ವಲ್ಪ ನಿಂತ. ಪಾತ್ರೆ ಮೆಟ್ಟಿಲ ಮೇಲಿಟ್ಟು ಹೋದ. ಬೇಯಿಸಿದ ಬೀನ್ಸ್ ಕಾಳು ಮತ್ತು ಮೆಕ್ಕೆಜೋಳದ ಬ್ರೆಡ್ಡು. ನಿಂತುಕೊಂಡೇ ಅರ್ಧ ತಿಂದೆ.

ಇನ್ನು ಇದನ್ನು ಬರೆಯದೆ ಗತಿಯಿಲ್ಲ.

ಮಾರ್ಚಿನ ಪ್ರದರ್ಶನಕ್ಕೆ ಚಿತ್ರದವರ ಮನೆಮಂದಿ ಬರುವ ಹಾಗಿಲ್ಲ. ಮನೆಯವರು ನಕ್ಕರೆ ಲೆಕ್ಕ ಕೆಡುತ್ತದೆ, ಅದು ನಿಯಮ. ಡೆಲ್ ಹಟ ಹಿಡಿದ. “ಬೇಸಿನವನ ಜೋಕು ಅಂತೀಯಾ, ಬೇಸಿನವನಿಗೇ ತೋರಿಸಲ್ಲ ಅಂತೀಯಾ, ಯಾವ ನ್ಯಾಯ ಕಣೇ ಇದು?” ಹಿಂಬಾಗಿಲಿನಿಂದ ಒಳಗೆ ಬಿಟ್ಟೆ. ದೂರ ಕೂರು, ಗುರುತು ತೋರಿಸಬೇಡ ಅಂದೆ. ಕೂತ. ಎಲ್ಲಾ ಬಿಟ್ಟು ಗೋಡೆಯ ಮೈಕಿನ ಅಡಿಯಲ್ಲೇ ಕೂತ.

ಚಿತ್ರ ಮುಗಿದ ಮೇಲೆ ಹೊರಗೆ ಲಾವೆಲ್ ಕೇಳಿದರು: “ಆ ತಡವಾಗಿ ನಕ್ಕ ಮನುಷ್ಯ ಯಾರು, ಗೊತ್ತಾ?” ಡೆಲ್ ನನ್ನಿಂದ ಮೂರು ಹೆಜ್ಜೆ ಆಚೆ ನಿಂತಿದ್ದ, ಕೈಯಲ್ಲಿ ನನ್ನ ಕೋಟು. ನನ್ನ ಕಡೆಗೇ ನೋಡುತ್ತಿದ್ದ, ಹಲ್ಲು ಬಿಟ್ಟುಕೊಂಡು.

“ಗೊತ್ತಿಲ್ಲ,” ಅಂದೆ. “ಯಾರೋ.”

ಕಾರಿನಲ್ಲಿ ಡೆಲ್ ಅಂದ: “ಡ್ರಮ್ಮಿನವನು ಆಯ್ತು, ದರ್ಜಿ ಆಯ್ತು, ನಾಯಿನೂ ಆಯ್ತು. ಕಟ್ಟಿಕೊಂಡವಳಾದ್ರೂ ಬೇಸಿನವನ ಹೆಸರು ಹೇಳ್ತಾಳೆ ಅಂದ್ಕೊಂಡಿದ್ದೆ.” ಹೇಳಿ ತಾನೇ ನಕ್ಕ. ನನಗೆ ಸಿಟ್ಟು. ನನ್ನ ಕೆಲಸಕ್ಕೇ ಕಲ್ಲು ಹಾಕ್ತಿದ್ದೆಯಲ್ಲೋ ಅಂತ ಮನೆವರೆಗೂ ಬೈದೆ. ಯಾರೋ ಅಂದದ್ದು ತಪ್ಪಾಯ್ತು ಅಂತ ನಾನು ಅನ್ನಲಿಲ್ಲ. ಅವನು ಹೋಗುವುದರೊಳಗೆ ಇಪ್ಪತ್ತೆರಡು ದಿನ ಇತ್ತು ಅನ್ನುವುದಕ್ಕೆ, ಅನ್ನಲಿಲ್ಲ. ಅವನಿಗೆ ಅದು ಮರೆತೇ ಹೋಗಿತ್ತೋ ಏನೋ. ನನಗೆ ಹೋಗುವುದಿಲ್ಲ.

ಜೂನ್ 9, ಗುರುವಾರ

ಎರಡನೇ ಪ್ರದರ್ಶನ. ಬೇರೆ ನಾನೂರು ಜನ.

ಆಸ್ಪತ್ರೆಗೆ ನಕ್ಕರು. ತಾಯಿಯ ಸಾವಿನ ಮೊದಲ ತಂತಿಗೆ ನಕ್ಕರು. ದರ್ಜಿಯ ನಾಯಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಫ್ಲಾಯ್ಡ್ ಬಗ್ಗಿದ. ಏಳು ಸೆಕೆಂಡು. ನಾನು ಕೊಟ್ಟ ಏಳು ಸೆಕೆಂಡು. ಯಾರೋ ಕೆಮ್ಮಿದರು. ಯಾರೋ ಪಾಪ್‌ಕಾರ್ನ್ ಪೊಟ್ಟಣ ಮಡಿಸಿದರು. ನಾನು ಕಾಯುತ್ತಿದ್ದೆ. ಛೀ, ಇದನ್ನೂ ಬರೆಯುತ್ತೇನೆ: ನಿಜವಾಗಿ ಕಾಯುತ್ತಿದ್ದೆ. ಒಂದು, ಎರಡು, ಈಗ ಬಂದ, ಈಗ ಬಂದ ಅಂತ. ಅವನಿಲ್ಲ. ಎರಡು ತಿಂಗಳಾಯಿತು ಅವನು ಹೋಗಿ. ಆ ಕತ್ತಲೆಯಲ್ಲಿ ಅವನು ಇಲ್ಲ ಅನ್ನುವುದು ನನಗೆ ಇವತ್ತು ಗೊತ್ತಾಯಿತು.

ಲಾವೆಲ್ ಹೊರಡುವಾಗ ಕೈಸನ್ನೆಯಲ್ಲೇ ಕತ್ತರಿ ಆಡಿಸಿ ತೋರಿಸಿದರು.

ಜೂನ್ 10, ಶುಕ್ರವಾರ

ಗ್ರೇಡಿ ತಲೆ ಹಿಡಿದುಕೊಂಡು ಕೂತಿದ್ದ. “ಅರ್ಥವೇ ಆಗ್ತಿಲ್ಲ ಅರ್ಲೀನ್. ಅದೇ ದೃಶ್ಯ. ಮಾರ್ಚಿನಲ್ಲಿ ಬಿದ್ದು ಬಿದ್ದು ನಕ್ಕರಲ್ಲ? ನಾನೇನು ತಪ್ಪು ಮಾಡ್ದೆ?”

ಆ ಮಾತು ಕೇಳಿ ತಡೆಯಲಾಗಲಿಲ್ಲ. ತಪ್ಪು ಅವನದ್ದಂತೆ, ಪಾಪ. ಎಲ್ಲಾ ಹೇಳಿದೆ. ಹಿಂಬಾಗಿಲು, ಮೈಕು, ಒಬ್ಬನೇ ನಕ್ಕದ್ದು, ಏಳು ಸೆಕೆಂಡು. ತಾಯಿಯ ಎರಡನೇ ಸಾವನ್ನು ಯಾಕೆ ಕತ್ತರಿಸಿದೆ ಅನ್ನುವುದನ್ನೂ ಹೇಳಿದೆ.

“ಕತ್ತರಿಸೋಕೆ ಬೇರೆ ಯಾರನ್ನಾದ್ರೂ ಹಾಕ್ಕೋ ಮಾರಾಯ. ನಾನು ಚಿತ್ರವನ್ನ ಒಬ್ಬ ಮನುಷ್ಯನ ಅಳತೆಗೆ ಹೊಲಿದಿಟ್ಟಿದ್ದೀನಿ. ಅವನು ಬೇರೆ ಬರೋ ಹಾಗಿಲ್ಲ.”

ಗ್ರೇಡಿ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡ. ಆಮೇಲೆ, “ಇನ್ನೊಂದ್ಸಲ ಹಾಕಿ,” ಅಂದ. ಹಾಕಿದೆ. ಕಣ್ಣು ಮುಚ್ಚಿ ಕೇಳಿದ. ಡೆಲ್ ನಗುತ್ತಿದ್ದ ಹಾಗೇ ಇವನಿಗೂ ನಗು ಬಂತು. ಕಣ್ಣಲ್ಲಿ ನೀರು, ಮುಖದಲ್ಲಿ ನಗು, ನೋಡಲಾಗುತ್ತಿರಲಿಲ್ಲ.

“ಚೆಟ್ಟನ ಕಾರ್ಯಕ್ರಮಕ್ಕೂ ಜನ ಬಂದಿರ್ತಾರಲ್ವಾ? ಚಿತ್ರದ ಒಳಗೆ? ಅವರಲ್ಲಿ ಒಬ್ಬ ನಗ್ಲಿ. ಡೆಲ್ ಅವರೇ ನಗ್ಲಿ.”

“ನನ್ನ ಗಂಡ ಬಾಗಿಲು ಕಿರುಗುಟ್ಟೋ ಸದ್ದಲ್ಲ ಕಣಯ್ಯ, ಬೇಕಾದಲ್ಲಿ ಅಂಟಿಸೋದಕ್ಕೆ,” ಅಂದೆ. ಗಟ್ಟಿಯಾಗೇ ಅಂದೆ. ಚೀಲ ತೆಗೆದುಕೊಂಡು ಎದ್ದು ಬಂದೆ.

ಜೂನ್ 14, ಮಂಗಳವಾರ

ನಾಲ್ಕು ದಿನ ಮನೆಯಲ್ಲೇ. ಇವತ್ತು ಫ್ಲಾಯ್ಡ್ ತನ್ನ ಪಾತ್ರೆ ಕೇಳುವ ನೆಪ ಮಾಡಿಕೊಂಡು ಬಂದ. ಬಾಗಿಲು ತೆಗೆದೆ. ತೊಳೆದಿಟ್ಟಿರಲಿಲ್ಲ, ನಾಚಿಕೆಯಾಯಿತು.

“ಫ್ಲಾಯ್ಡ್, ನಿನ್ನ ದೃಶ್ಯ ಹೋಗುತ್ತೆ. ಜನ ನಗಲಿಲ್ಲ.”

“ಓ.” ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಹೋಗ್ಲಿ ಬಿಡು. ಐವತ್ತು ವರ್ಷ ಬೇಸ್ ನುಡಿಸಿದವನಿಗೆ ಇದೇನು ಹೊಸದಾ? ಅಕ್ಕನಿಗೆ ಏನು ಹೇಳೋದು ಅಂತ ಅಷ್ಟೇ ಯೋಚನೆ.”

ಅವನಿಗೂ ಎಲ್ಲಾ ಹೇಳಿದೆ, ಗ್ರೇಡಿ ಕೇಳಿದ್ದನ್ನೂ ಸೇರಿಸಿ. ಹೊರಗೆ ನಿಂತು ಗೊತ್ತಿಲ್ಲ ಅಂದದ್ದನ್ನೂ ಹೇಳಿದೆ. ಫ್ಲಾಯ್ಡ್ ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ.

“ಮಾರನೇ ದಿನವೇ ಡೆಲ್ ನನಗೆ ಫೋನು ಮಾಡಿದ್ದ,” ಅಂದ. “‘ಫ್ಲಾಯ್ಡ್, ನಿನ್ನ ಅರ್ಧ ಬಗ್ಗು ನೋಡಿ ಇಡೀ ಥಿಯೇಟರಲ್ಲಿ ಮೊದಲು ನಾನೊಬ್ಬನೇ ನಕ್ಕೆ ಕಣೋ, ಅರ್ಲೀನ್ ನೆಲದೊಳಗೆ ಇಳಿದುಹೋದ್ಲು’ ಅಂದ. ಹೇಳಿ ಹೇಳಿ ನಕ್ಕ.”

“ಬೇಜಾರಾಗಿತ್ತಾ ಅವನಿಗೆ?”

“ಸ್ವಲ್ಪ ಆಗಿತ್ತೇನೋ. ಸುಳ್ಳು ಯಾಕೆ ಹೇಳ್ಲಿ. ಆದರೆ ನಕ್ಕಿದ್ದು ನಿಜ.”

ಸುಳ್ಳು ಹೇಳದೇ ಇದ್ದದ್ದಕ್ಕೆ ಅವನ ಮೇಲೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಅತ್ತೆ. ಅವನು ಎದ್ದು ನಡುಮನೆಗೆ ಹೋಗಿ, ಬೇಸಿನ ತಂತಿಗಳೆಲ್ಲ ಇಳಿದುಹೋಗಿವೆ ಅಂತ ಗೊಣಗಿಕೊಂಡು ಒಂದೊಂದೇ ಏರಿಸಿದ. ಹೋಗುವಾಗ ಬೇಸನ್ನು ಮೂಲೆಗೆ ಸರಿಸಿ ಹೋಗಿದ್ದಾನೆ. ಪಾತ್ರೆ ಮರೆತೇ ಹೋದ.

ಜೂನ್ 15, ಬುಧವಾರ

ಗ್ರೇಡಿಗೆ ಫೋನು ಮಾಡಿದೆ. “ಹಾಕೋಣ,” ಅಂದೆ. “ಆದರೆ ಕತ್ತರಿಸೋದು ನಾನೇ.” ಜಾಗ ಯಾವಾಗಿಂದಲೋ ಖಾಲಿ ಬಿಟ್ಟು ಕೂತಿದ್ದೀನಿ ಅಂದ. ತಾಯಿಯ ಎರಡನೇ ಸಾವನ್ನೂ ವಾಪಸ್ ಹಾಕಿದೆ.

ಜೂನ್ 22, ಬುಧವಾರ

ಶಬ್ದ ಸೇರಿಸುವ ಕೆಲಸ. ಅದನ್ನು ಮಾಡುವ ಒರಿನ್ ತುಂಬಾ ಅಚ್ಚುಕಟ್ಟು ಮನುಷ್ಯ.

“ಈ ನಗು ಎರಡೆಣಿಕೆ ತಡವಾಗಿದೆ. ಸರಿ ಮಾಡಿದ್ದೀನಿ, ಕೇಳಿ.”

ಫ್ಲಾಯ್ಡ್ ಬಗ್ಗಿದ ತಕ್ಷಣ ನಗು. ಸತ್ತ ನಗು. ಯಾರದೋ ನಗು.

“ಅದನ್ನ ಸರಿ ಮಾಡೋಕೆ ನಾನು ಮೂವತ್ತನಾಲ್ಕು ವರ್ಷ ನೋಡಿದೆ ಒರಿನ್, ಆಗ್ಲಿಲ್ಲ,” ಅಂದೆ. “ಎಲ್ಲಿತ್ತೋ ಅಲ್ಲಿಗೇ ಇಡು.”

ಇಟ್ಟ. ಒಂದು, ಎರಡು, ಆಮೇಲೆ ಬಂತು. ಒರಿನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕುಬಿಟ್ಟ. ಏಳು ಸೆಕೆಂಡು ಇದ್ದದ್ದನ್ನು ನಾನೇ ಕೈಯಾರೆ ನಾಲ್ಕಕ್ಕೆ ಇಳಿಸಿದೆ. ಜಾಸ್ತಿ ಕಾಯುವ ಅಗತ್ಯ ಇಲ್ಲ.

ಮಧ್ಯಾಹ್ನ ಗ್ರೇಡಿ, ಒರಿನ್ ಜೊತೆ ಕೂತು ಊಟ. ಆಮೇಲೆ ನನ್ನ ಕೋಣೆಗೆ ಬಂದು ಆಸ್ಪತ್ರೆಯ ದೃಶ್ಯ ಹಾಕಿಕೊಂಡೆ. “ತಾಳ ಸ್ವಲ್ಪ ಜೋರಾಯ್ತು ಮಗನೇ” ಅಂದಾಗ ಯಾರೋ ಫಕ್ಕನೆ ನಕ್ಕರು. ತಿರುಗಿ ನೋಡಿದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ಜುಲೈ 7, ಗುರುವಾರ

ಮೂರನೇ ಪ್ರದರ್ಶನ, ಕೊನೆಯದ್ದು. ಬೇಸಿನವನು ಇರುತ್ತಾನೋ ಹೋಗುತ್ತಾನೋ ಇವತ್ತೇ ತೀರ್ಮಾನ ಅಂತ ಲಾವೆಲ್ ಮೊದಲೇ ಹೇಳಿದ್ದರು. ನಾವು ಚಿತ್ರದವರು ಹಿಂದಿನ ಸಾಲುಗಳಲ್ಲಿ ಕೂರಬೇಕು, ಜನರೊಂದಿಗೆ ಮಾತಾಡಬಾರದು. ನಾನು ಜನರ ನಡುವೆ ಹೋಗಿ ಕೂತೆ, ಗೋಡೆಯ ಮೈಕಿನ ಹತ್ತಿರ. ಲಾವೆಲ್ ಮೂರು ಸಾಲು ಹಿಂದಿನಿಂದ ನನ್ನ ಬೆನ್ನನ್ನೇ ನೋಡುತ್ತಿದ್ದರು, ನೋಡಲಿ.

ಡ್ರಮ್ಮಿನವನು. ಪಿಯಾನೊದವನು. ದರ್ಜಿ. ಹೆಂಡತಿಯರು. ನಾಯಿ. ನಗು ಇಳಿಯಿತು.

ಫ್ಲಾಯ್ಡ್ ಬಗ್ಗಿದ. ಥಿಯೇಟರು ನಿಶ್ಶಬ್ದ. ಒಂದು. ಎರಡು.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಆಮೇಲೆ ಹೋ, ಹೋ, ಹೋ. ಇಡೀ ಥಿಯೇಟರಿನ ತುಂಬ ಅವನೊಬ್ಬನೇ. ಅದರ ಬೆನ್ನಿಗೇ ನಾನೂರು ಜನ ಹೋ ಅಂತ ನಕ್ಕರು, ಮಾರ್ಚಿನಲ್ಲಿ ನಕ್ಕ ಹಾಗೇ. ನಾನೂ ನಕ್ಕೆ, ಎಲ್ಲರಿಗಿಂತ ತಡವಾಗಿ.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬಾಕೆ ನಗುತ್ತ ನಗುತ್ತ ಪಕ್ಕದವಳನ್ನು ಕೇಳಿದಳು: “ಅಯ್ಯೋ, ಯಾರೇ ಅವನು, ಈಗ ನಗ್ತಿರೋನು?”

ನಾನು ಪೂರ್ತಿ ತಿರುಗಿ ಕೂತೆ.

“ನನ್ನ ಗಂಡ,” ಅಂದೆ. “ಡೆಲ್ ಹ್ಯಾಸ್ಕಿನ್ಸ್ ಅಂತ. ಬೇಸ್ ನುಡಿಸ್ತಾನೆ.”

ಲಾವೆಲ್‌ಗೂ ಕೇಳಲಿ ಅಂತ ಗಟ್ಟಿಯಾಗಿಯೇ ಅಂದೆ.